ಮೊದಲು ಲೆಕ್ಕ, ಆಮೇಲೆ ಕಂಪ್ಯೂಟರು

ಡೇಟಾ ಸೈನ್ಸ್ ಕಲಿಯಬೇಕೆನ್ನುವ ವಿದ್ಯಾರ್ಥಿ ಪ್ರೋಗ್ರಾಮಿಂಗನ್ನು ಎಲ್ಲಿಂದ ಆರಂಭಿಸಬೇಕು? ಅನೇಕ ಪಾಲಕರು ಕೇಳುವ ಪ್ರಶ್ನೆ ಇದು.

ನಮ್ಮ ಭಾಗದ ಉದಾಹರಣೆಯನ್ನೇ ನೋಡೋಣ. ಚಿಕ್ಕಪಡಸಲಗಿಯಲ್ಲಿ ರೈತರೇ ಹಣ ಕೂಡಿಸಿ, ಶ್ರಮದಾನ ಮಾಡಿ 1989ರಲ್ಲಿ ಕೃಷ್ಣಾ ನದಿಗೆ ಬ್ಯಾರೇಜು ಕಟ್ಟಿದರು. ಅಲ್ಲಿಯ ನೀರಿನ ಮಟ್ಟವನ್ನು ನೀವು ನಾಲ್ಕು ದಿನ ಬರೆದಿಟ್ಟಿರೆನ್ನಿ. ಮೊದಲ ದಿನ 10 ಅಡಿ, ಎರಡನೆಯ ದಿನ 12, ನಾಲ್ಕನೆಯ ದಿನ 14. ಮೂರನೆಯ ದಿನ ಅಳೆಯಲಾಗಲಿಲ್ಲ. ಸರಾಸರಿ ಎಷ್ಟು? ಖಾಲಿ ಜಾಗದಲ್ಲಿ ಸೊನ್ನೆ ಬರೆದರೆ ಕಂಪ್ಯೂಟರು 36ನ್ನು 4ರಿಂದ ಭಾಗಿಸಿ 9 ಅಡಿ ಎನ್ನುತ್ತದೆ. ಅಳೆದ ದಿನಗಳನ್ನಷ್ಟೇ ಹಿಡಿದರೆ 12 ಅಡಿ. ಇದು ಕಂಪ್ಯೂಟರಿನ ತಪ್ಪಲ್ಲ. ‘ಅಳತೆ ಇದ್ದರೆ ಮಾತ್ರ ಕೂಡಿಸು, ಎಣಿಸು’ ಎಂದು ಅದಕ್ಕೆ ಹೇಳಬೇಕಾದವರು ನಾವು.

ಪ್ರೋಗ್ರಾಮಿಂಗಿನ ಬುನಾದಿ ಇಷ್ಟರಲ್ಲೇ ಇದೆ. ಮೊತ್ತಕ್ಕೆ ಕೊಟ್ಟ ಹೆಸರು ವೇರಿಯಬಲ್, ಅಳತೆಗಳ ಸಾಲು ಲಿಸ್ಟ್, ‘ಇದ್ದರೆ ಮಾತ್ರ’ ಎಂಬುದು ಕಂಡಿಷನ್, ಒಂದೊಂದನ್ನೇ ಕೊನೆಯವರೆಗೆ ನೋಡುತ್ತ ಹೋಗುವುದು ಲೂಪ್. ಇವನ್ನು ಮೊದಲು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಹಂತಹಂತವಾಗಿ ಬರೆಯಿರಿ. ಬಳಿಕ ಪೈಥಾನ್ ಭಾಷೆಗೆ ಇಳಿಸಿರಿ. ಗಿಡೊ ವ್ಯಾನ್ ರೋಸಮ್ 1991ರಲ್ಲಿ ಹೊರತಂದ ಈ ಭಾಷೆಗೆ ಹಣ ಕೊಡಬೇಕಿಲ್ಲ; ಹಳೆಯ ಕಂಪ್ಯೂಟರಿನಲ್ಲೂ ಕಲಿಯಬಹುದು.

ಪಾಲಕರಿಗೆ ಒಂದು ಮಾತು. ಸಾಲ ಮಾಡಿ ದೊಡ್ಡ ಕೋರ್ಸಿಗೆ ಫೀ ಕಟ್ಟುವ ಮೊದಲು, ಮಕ್ಕಳು ಇಂಥ ಹತ್ತು ಲೆಕ್ಕಗಳನ್ನು ತಾವಾಗಿ ಬಿಡಿಸಲಿ. ಆಮೇಲೂ ಹುರುಪು ಉಳಿದಿದ್ದರೆ ಕೋರ್ಸಿನ ವಿಚಾರ ಮಾಡಿರಿ.