ಬೀದರ ಸೀಮೆಯ ಶಾಲಾಮಾಸ್ತರರು: ಸನ್ಮಾನಪತ್ರದಾಚೆಯ ಬದುಕು

ಬೀದರ ನಗರಕ್ಕೆ ಬರುವ ಪ್ರವಾಸಿಗರು ಮಹಮೂದ ಗಾವಾನನ ಮದರಸಾದ ಮುಂದೆ ನಿಂತು, ಅಳಿದುಳಿದ ಮಿನಾರನ್ನೂ ಬಣ್ಣದ ಹೆಂಚುಗಳ ಅಲಂಕಾರವನ್ನೂ ಬೆರಗಿನಿಂದ ನೋಡುತ್ತಾರೆ. ಬಹಮನಿ ರಾಜ್ಯದ ಮಂತ್ರಿಯೊಬ್ಬನು 1472ರಲ್ಲಿ ಕಟ್ಟಿಸಿದ ಈ ವಿದ್ಯಾಲಯಕ್ಕೆ ಜಿಲ್ಲೆಯ ಚರಿತ್ರೆಯಲ್ಲಿ ಹಿರಿದಾದ ಸ್ಥಾನವಿರುವುದು ಯೋಗ್ಯವೇ ಆಗಿದೆ. ಆದರೆ ಅದೇ ಜಿಲ್ಲೆಯ ಭಾಲ್ಕಿ, ಔರಾದ ತಾಲ್ಲೂಕುಗಳ ಹಳ್ಳಿಗಳಲ್ಲಿ ಕಳೆದ ಶತಮಾನದುದ್ದಕ್ಕೂ ಅಕ್ಷರ ಕಲಿಸಿದ ಮಾಸ್ತರರಿಗೆ ಆ ಚರಿತ್ರೆಯಲ್ಲಿ ದೊರೆತಿರುವ ಜಾಗ ತೀರ ಕಿರಿದು. ಅವರ ಬದುಕು ದಾಖಲಾಗುವುದು ಹೆಚ್ಚಾಗಿ ನಿವೃತ್ತಿಯ ದಿನದ ಸನ್ಮಾನಪತ್ರದಲ್ಲಿ, ಇಲ್ಲವೆ ಮರಣಾನಂತರದ ಶ್ರದ್ಧಾಂಜಲಿಯಲ್ಲಿ. ಅಲ್ಲಿ ಎರಡು ವಿಶೇಷಣಗಳು ಮತ್ತೆ ಮತ್ತೆ ಬರುತ್ತವೆ: 'ಕುಟುಂಬವತ್ಸಲರು', 'ಧರ್ಮನಿಷ್ಠರು'. ಸವೆದು ಹೋದ ಈ ಮಾತುಗಳನ್ನು ಓದುಗರು ದಾಟಿ ಹೋಗುತ್ತಾರೆ. ಬೀದರ ಸೀಮೆಯ ಮಟ್ಟಿಗಾದರೂ ಅವುಗಳ ಮುಂದೆ ತುಸು ನಿಲ್ಲುವುದು ಅಗತ್ಯ. ಸಂಸಾರ ಮತ್ತು ಶ್ರದ್ಧೆ ಎರಡೂ ಇಲ್ಲಿ ಶಾಲೆಯನ್ನು ನಡೆಸಿದ ಶಕ್ತಿಗಳೇ ಆಗಿದ್ದವು.

ನಿಜಾಮರ ಹೈದರಾಬಾದ ಸಂಸ್ಥಾನದಲ್ಲಿ ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದುವನ್ನೇ ಬೋಧನಮಾಧ್ಯಮವಾಗಿ ಸ್ವೀಕರಿಸಿತು. ಭಾರತೀಯ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣವನ್ನು ಕೊಡಬಹುದೆಂದು ತೋರಿಸಿದ ದೊಡ್ಡ ಪ್ರಯೋಗವದು, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಮನೆಯಲ್ಲಿ ಕನ್ನಡ, ಮರಾಠಿ, ತೆಲುಗು ಆಡುವ ಮಗುವಿಗೆ ಶಾಲೆಯೆಂಬುದು ಪರಭಾಷೆಯ ಮನೆಯಾಯಿತು. ಇಂಥ ಕಾಲದಲ್ಲಿ ಭಾಲ್ಕಿಯ ಹಿರೇಮಠ ಸಂಸ್ಥಾನದ ಡಾ. ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ನಾಡಿಗೆಲ್ಲ ತಿಳಿದಿದೆ. ಅವರು ಹುಟ್ಟಿದ ಕಮಲನಗರವು ಅಂದಿಗೆ ಔರಾದ ತಾಲ್ಲೂಕಿನ ಊರು, ಇಂದು ತಾನೇ ತಾಲ್ಲೂಕು ಕೇಂದ್ರ. ಶತಾಯುಷಿಯಾಗಿ 1999ರಲ್ಲಿ ಲಿಂಗೈಕ್ಯರಾದ ಪಟ್ಟದ್ದೇವರ ಹೆಸರನ್ನು ಬೀದರ ಜಿಲ್ಲೆ ಮರೆತಿಲ್ಲ, ಮರೆಯಲಾರದು.

ಇಲ್ಲೊಂದು ಪ್ರಶ್ನೆಯುಂಟು. ಫಲಕವನ್ನು ತೂಗುಹಾಕಿದವರು ಪಟ್ಟದ್ದೇವರು; ಅಂಥ ಶಾಲೆಗಳಲ್ಲಿ ಕರಿಹಲಗೆಯ ಮುಂದೆ ದಿನವೂ ನಿಂತವರು ಯಾರು? ಮಠಾಧೀಶರಿಗೆ ಹಿಂದೆ ಒಂದು ಪೀಠವಿರುತ್ತದೆ, ಭಕ್ತರ ಬಲವಿರುತ್ತದೆ. ಹೆಂಡತಿ ಮಕ್ಕಳಿರುವ ಮಾಸ್ತರನಿಗೆ ಅಂಥ ಆಸರೆಯಿಲ್ಲ. ಅಧಿಕಾರಿಯ ಕಣ್ಣು ಕೆಂಪಾದರೆ ಅವನ ಒಲೆ ಆರುತ್ತದೆ. ಸಂಸಾರವುಳ್ಳವನು ಅಂಜುಬುರುಕನಾಗಬೇಕಾದ ಎಲ್ಲ ಕಾರಣಗಳೂ ಇದ್ದ ಕಾಲವದು. ಆದರೂ ಪಾಠ ನಡೆಯಿತು. ಸಂನ್ಯಾಸಿಯ ಧೈರ್ಯವನ್ನು ಕೊಂಡಾಡುವ ಚರಿತ್ರೆಯು ಗೃಹಸ್ಥನ ಧೈರ್ಯಕ್ಕೂ ಒಂದು ಅಳತೆಗೋಲನ್ನು ಕಂಡುಕೊಳ್ಳಬೇಕು.

1948ರ ಸೆಪ್ಟೆಂಬರ್ 17ರಂದು ಸಂಸ್ಥಾನದ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ಜಿಲ್ಲೆಯೇ ಹರಿದು ಹಂಚಿಹೋಯಿತು. ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ, ನಾರಾಯಣಖೇಡ, ಜಹೀರಾಬಾದ ಭಾಗಗಳು ಆಂಧ್ರಪ್ರದೇಶಕ್ಕೆ ಸೇರಿದವು. ಬೀದರ, ಭಾಲ್ಕಿ, ಹುಮನಾಬಾದ, ಔರಾದ ಮೈಸೂರು ರಾಜ್ಯಕ್ಕೆ ಬಂದವು. ನಕಾಶೆಯಲ್ಲಿ ಗೆರೆ ಎಳೆಯುವುದು ಸುಲಭ. ಆ ಗೆರೆಯ ಈಚೆ ಕನ್ನಡವನ್ನು ತರಗತಿಯೊಳಗೆ ನೆಲೆಗೊಳಿಸುವ ಹೊಣೆ ಬಿದ್ದದ್ದು ಹಳ್ಳಿಯ ಮಾಸ್ತರನ ಹೆಗಲ ಮೇಲೆ. ಅವನು ತಾನು ಉರ್ದುವಿನಲ್ಲೋ ಮರಾಠಿಯಲ್ಲೋ ಓದಿ ಬಂದವನಾಗಿರಬಹುದು. ಅವನೆದುರಿನ ಮಕ್ಕಳು ಮರಾಠಿಯಲ್ಲಿ ಅವ್ವನನ್ನು ಕರೆಯುವವರಾಗಿರಬಹುದು. ಮನೆಮಾತನ್ನು ಹೀಯಾಳಿಸದೆ ನಾಡಮಾತನ್ನು ಕಲಿಸುವ ವಿದ್ಯೆ ಯಾವ ತರಬೇತಿ ಸಂಸ್ಥೆಯ ಪಠ್ಯದಿಂದಲೂ ಪೂರ್ತಿ ಬರುವಂಥದ್ದಲ್ಲ. ಔರಾದ ಭಾಗದಲ್ಲಿ ಮರಾಠಿ ಶಾಲೆಗಳೂ ಕನ್ನಡ ಶಾಲೆಗಳೂ ಇಂದಿಗೂ ಒಟ್ಟಿಗಿರುವುದರಲ್ಲಿ ಆ ವಿದ್ಯೆಯ ಪಾಲೂ ಇದೆಯೆನ್ನಬೇಕು. (ಹಾಜರಿ, ರಜಾ, ದಫ್ತರು ಎಂಬ ಶಾಲೆಯ ಮಾತುಗಳೆಲ್ಲ ಅರಬ್ಬಿ, ಪಾರಸಿ ಮೂಲದವು. ಕನ್ನಡ ಗೆದ್ದಿತೆಂದು ಬೀಗುವವರು ಇದನ್ನು ಗಮನಿಸುವುದು ಒಳ್ಳೆಯದು.)

ಇನ್ನು ಸಂಸಾರದ ಮಾತು. ಮಾಸ್ತರನಿಗೆ ವರ್ಗವಾದಾಗಲೆಲ್ಲ ಮನೆ ಕಟ್ಟಿ ಬಿಚ್ಚಿದವಳು ಅವನ ಹೆಂಡತಿ. ಬಸ್ಸಿಲ್ಲದ ಹಳ್ಳಿಯಲ್ಲಿ, ಮಾಂಜ್ರಾ ನದಿ ತುಂಬಿ ಹರಿಯುವ ದಿನಗಳಲ್ಲಿ, ದಿನಸಿ ತೀರಿದರೂ ಒಲೆ ಹೊತ್ತಿಸಿದವಳು ಅವಳೇ. ಪರವೂರಿನ ಹುಡುಗನೊಬ್ಬ ಓದಿಗಾಗಿ ಮನೆಯಲ್ಲುಳಿದರೆ ಅವನಿಗೂ ರೊಟ್ಟಿ ಬಡಿಯಬೇಕಾದವಳು ಅವಳು. 'ಕುಟುಂಬವತ್ಸಲರು' ಎಂಬ ಮಾತಿನಲ್ಲಿ ವಾತ್ಸಲ್ಯದ ಕರ್ತೃ ಗಂಡನೊಬ್ಬನೇ ಆಗಿಬಿಟ್ಟಿದ್ದಾನೆ. ಊರಿನ ಮಕ್ಕಳಿಗೆಲ್ಲ ಅಕ್ಷರ ಕಲಿಸಿದವನ ಮನೆಯಾಕೆಗೆ ಸಹಿ ಮಾಡಲು ಬರುತ್ತಿತ್ತೇ ಎಂದು ಸನ್ಮಾನಪತ್ರ ಕೇಳುವುದಿಲ್ಲ. 2011ರ ಜನಗಣತಿಯಲ್ಲಿಯೂ ಬೀದರ ಜಿಲ್ಲೆಯ ಸ್ತ್ರೀಸಾಕ್ಷರತೆ ಪುರುಷರಿಗಿಂತ ಬಹಳ ಹಿಂದಿತ್ತೆಂಬುದನ್ನು ನೆನೆದರೆ, ಈ ಪ್ರಶ್ನೆ ಅನುಚಿತವೆನಿಸದು.

ಶ್ರದ್ಧೆಯ ವಿಷಯ ಇನ್ನಷ್ಟು ಸೂಕ್ಷ್ಮವಾದುದು. ಜೈನರ ಪಂಚಪರಮೇಷ್ಠಿಗಳಲ್ಲಿ ಉಪಾಧ್ಯಾಯನು ನಾಲ್ಕನೆಯವನು; ಸಾಧುವಿಗಿಂತ ಮೊದಲು ವಂದನೆ ಸಲ್ಲುವುದು ಅವನಿಗೆ. ಶರಣರು ಕಾಯಕವನ್ನೂ ದಾಸೋಹವನ್ನೂ ಬೇರ್ಪಡಿಸಲಿಲ್ಲ. 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾದ ಶಾಲಾ ಬಿಸಿಯೂಟಕ್ಕೆ 'ಅಕ್ಷರ ದಾಸೋಹ'ವೆಂದು ಹೆಸರಿಟ್ಟಾಗ ಈ ಸೀಮೆಗೆ ಅದು ಹೊಸ ಮಾತೆನಿಸಲಿಲ್ಲ. ಇಂಥ ಪರಂಪರೆಗಳಲ್ಲಿ ಬೆಳೆದ ಮಾಸ್ತರನಿಗೆ ಪಾಠ ಹೇಳುವುದೇ ಒಂದು ವ್ರತವಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಆದರೆ ಬೆಳಗಿನ ಪೂಜೆಯನ್ನಾಗಲಿ, ಮಾಡಿದ ಯಾತ್ರೆಗಳನ್ನಾಗಲಿ ಲೆಕ್ಕವಿಟ್ಟು ಧರ್ಮನಿಷ್ಠೆಯನ್ನು ಅಳೆಯಲಾಗದು. ಅವನ ತರಗತಿಯಲ್ಲಿ ದಲಿತರ ಮಗು ಯಾವ ಸಾಲಿನಲ್ಲಿ ಕುಳಿತಿತ್ತು, ಯಾವ ಕೊಡದಿಂದ ನೀರು ಕುಡಿಯಿತು, ಮುಸಲ್ಮಾನರ ಹುಡುಗಿ ಎಷ್ಟನೆಯ ಇಯತ್ತೆಯವರೆಗೆ ಬಂದಳು ಎಂಬುದನ್ನು ಕೇಳಬೇಕು. ಕೆಲವರ ಉತ್ತರ ಕೇಳಿ ತಲೆ ಬಾಗುತ್ತದೆ, ಕೆಲವರ ಉತ್ತರ ನೋವು ತರುತ್ತದೆ. ಎರಡನ್ನೂ ಬರೆದಿಟ್ಟಾಗಲೇ ಅದು ಚರಿತ್ರೆ.

ಏಕೀಕರಣದ ವರ್ಷ ಇಪ್ಪತ್ತರ ಹರೆಯದಲ್ಲಿ ನೌಕರಿಗೆ ಸೇರಿದವರು ಇಂದು ಬದುಕಿದ್ದರೆ ತೊಂಬತ್ತರ ಹತ್ತಿರದವರು. ಅವರ ಸೇವಾಪುಸ್ತಕ, ಟಿಪ್ಪಣಿವಹಿ, ಶಿಷ್ಯರ ಕಾಗದಗಳು ಮನೆಯ ಅಟ್ಟದ ಮೇಲೆ ಗೆದ್ದಲಿಗೆ ಆಹಾರವಾಗುತ್ತಿವೆ. ಬೀದರ, ಭಾಲ್ಕಿ, ಔರಾದಗಳ ಕಾಲೇಜುಗಳಲ್ಲಿ ಕನ್ನಡ ಮತ್ತು ಇತಿಹಾಸ ವಿಭಾಗಗಳಿವೆ. ಅಲ್ಲಿ ಓದುವವರಲ್ಲಿ ಅನೇಕರು ಇಂಥ ಮಾಸ್ತರರ ಮೊಮ್ಮಕ್ಕಳೇ. ಪ್ರತಿ ವರ್ಷ ನಕಲು ಮಾಡಿ ಒಪ್ಪಿಸುವ ಕಿರುಪ್ರಬಂಧಗಳ ಬದಲಿಗೆ, ಒಬ್ಬೊಬ್ಬ ವಿದ್ಯಾರ್ಥಿಯು ಒಬ್ಬೊಬ್ಬ ಹಿರಿಯ ಶಿಕ್ಷಕರನ್ನು ಕಂಡು ಅವರ ಮಾತನ್ನು ಧ್ವನಿಮುದ್ರಿಸಿ ಬರೆದು ತರುವಂತೆ ಮಾಡಲು ಅನುದಾನ ಬೇಕಿಲ್ಲ. ಕೈಯಲ್ಲಿರುವ ಮೊಬೈಲು ಸಾಕು. ಮೊದಲ ಸಂಬಳ ಎಷ್ಟು, ಅದು ಯಾವ ತಿಂಗಳು ಕೈಸೇರಿತು, ಕನ್ನಡ ಬಾರದ ಮಗುವಿಗೆ ಮೊದಲು ಯಾವ ಶಬ್ದ ಕಲಿಸಿದಿರಿ, ಯಾರ ಮನೆಯಲ್ಲಿ ಊಟ ಮಾಡಿದಿರಿ, ಯಾರ ಮನೆಯಲ್ಲಿ ಮಾಡಲಿಲ್ಲ ಎಂದು ಕೇಳಿದರೆ ಸಾಕು. ಮಾಸ್ತರರು ಹೇಳಿ ಮುಗಿಸಿದ ಮೇಲೆ ಅದೇ ಪ್ರಶ್ನೆಗಳನ್ನು ಒಳಮನೆಯಲ್ಲಿ ಕುಳಿತ ಅಜ್ಜಿಗೂ ಕೇಳಬೇಕು.