ಕಾಡಿಗೂ ಬೇಕು ಹದ

ಹೊಲಕ್ಕೆ ಗೊಬ್ಬರ ಸರಿ, ಕಾಡಿಗೂ ಹಾಕುತ್ತಾರೆಯೇ? ಸ್ವೀಡನ್ನಿನಲ್ಲಿ ಹಾಕುತ್ತಾರೆ, ಅದೂ ಹೆಲಿಕಾಪ್ಟರಿನಿಂದ. ಅಲ್ಲಿನ ಕಾಡಿನ ಸುಮಾರು ಅರ್ಧದಷ್ಟು ಖಾಸಗಿ ಕುಟುಂಬಗಳ ಆಸ್ತಿ. ಉತ್ತರದ ಚಳಿಯಲ್ಲಿ ಪೈನ್ ಮರ ಕಡಿಯುವ ಹದಕ್ಕೆ ಬರಲು ನೂರು ವರ್ಷ ಹಿಡಿಯುವುದೂ ಉಂಟು. ಅಜ್ಜ ನೆಟ್ಟದ್ದನ್ನು ಮೊಮ್ಮಗ ಕಡಿಯಬೇಕು. ನಡುವಿನ ತಲೆಮಾರು ಎಡವಿದರೆ ಫಲ ಉಣ್ಣುವವನೂ ಮೊಮ್ಮಗನೇ.

ಎಳೆಯ ಪೈನ್ ಕಾಡು ಒತ್ತಾಗಿ ಬೆಳೆಯುತ್ತದೆ. ರಾಗಿ ಪೈರು ಒತ್ತಾದರೆ ನಮ್ಮ ರೈತ ಕುಂಟೆ ಹಾಯಿಸಿ ತೆಳು ಮಾಡುವುದಿಲ್ಲವೇ? ಇಲ್ಲೂ ಅದೇ ನ್ಯಾಯ. ಸೊಟ್ಟಗಿನ, ಸೊರಗಿದ ಮರಗಳನ್ನು ಕಡಿದರೆ ಉಳಿದವಕ್ಕೆ ಬೆಳಕು, ನೀರು, ಸಾರ ಧಾರಾಳ. ಇದರಿಂದ ಎತ್ತರವೇನೂ ಅಷ್ಟಾಗಿ ಹೆಚ್ಚದು, ದಪ್ಪವಾಗುವುದು ಕಾಂಡ. ಇಡೀ ಕಾಡಿನ ಒಟ್ಟು ಬೆಳವಣಿಗೆ ತುಸು ಕಡಿಮೆಯೇ ಆಗಬಹುದು. ಆದರೆ ಅದು ಕೆಲವೇ ಮರಗಳ ಪಾಲಾಗುತ್ತದೆ. ನಾಟಾ ಕೊಳ್ಳುವವನು ಬೆಲೆ ಕೊಡುವುದು ದಪ್ಪ ದಿಮ್ಮಿಗೆ ತಾನೆ? ಹಾಗೆಂದು ಎಳವೆಯಲ್ಲೇ ತೀರ ತೆಳು ಮಾಡಿದರೆ ಕೆಳಗಿನ ಕೊಂಬೆಗಳು ಒಣಗದೆ ಬಲಿತು, ಹಲಗೆಯ ತುಂಬ ಗಂಟು.

ಗೊಬ್ಬರದ ಕೆಲಸ ಬೇರೆ. ಚಳಿನಾಡಿನಲ್ಲಿ ಉದುರಿದ ಸೂಜಿ ಎಲೆ ಬೇಗ ಕೊಳೆಯುವುದಿಲ್ಲ. ಸಾರಜನಕ ಅದರಲ್ಲೇ ಸೆರೆ. ಹೆಕ್ಟೇರಿಗೆ ಸುಮಾರು 150 ಕಿಲೋ ಸಾರಜನಕವನ್ನು ಒಮ್ಮೆ ಕೊಟ್ಟರೆ ಸೂಜಿಗಳು ಹೆಚ್ಚಿ, ಹತ್ತಿರ ಹತ್ತಿರ 10 ವರ್ಷ ಬೆಳವಣಿಗೆ ಚುರುಕಾಗಿರುತ್ತದೆ. ಒತ್ತಾದ ಕಾಡಿಗೆ ಬರೀ ಗೊಬ್ಬರ ಸುರಿದರೆ ದೊಡ್ಡ ಮರಗಳೇ ಇನ್ನಷ್ಟು ದೊಡ್ಡವಾಗಿ, ಸಣ್ಣವು ನೆರಳಿನಲ್ಲಿ ಬೇಗ ಸಾಯುತ್ತವೆ. ಆದ್ದರಿಂದ ಮೊದಲು ತೆಳು ಮಾಡಬೇಕು, ಗೊಬ್ಬರ ಆಮೇಲೆ.

ಹಾಗಾದರೆ ಹಾಕಿದಷ್ಟೂ ಲಾಭವೇ? ಉತ್ತರ ಸ್ವೀಡನ್ನಿನ ನೊರ್ಲಿಡೆನ್‌ನ ಎಳೆಯ ಪೈನ್ ಕಾಡಿನಲ್ಲಿ ಕಾರ್ಲ್ ಓಲೊಫ್ ಟಾಮ್ 1971ರಲ್ಲಿ ಒಂದು ದೀರ್ಘ ಪ್ರಯೋಗ ಆರಂಭಿಸಿದರು. ಒಂದೊಂದು ತಾಕಿಗೆ ಒಂದೊಂದು ಪ್ರಮಾಣದ ಸಾರಜನಕ, ವರ್ಷ ವರ್ಷವೂ. ಅತಿ ಹೆಚ್ಚು ಉಂಡ ತಾಕು ಮೊದಮೊದಲು ಹಿಗ್ಗಿ ಬೆಳೆದು ಕ್ರಮೇಣ ಹಿಂದೆ ಬಿತ್ತು. ಮಣ್ಣು ಹುಳಿಯಾಗಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಸೋರಿಹೋಗಿದ್ದವು. 1990ರ ನಂತರ ಅಲ್ಲಿಗೆ ಗೊಬ್ಬರ ನಿಲ್ಲಿಸಿದರು. 30 ವರ್ಷಗಳ ಲೆಕ್ಕ ತೆಗೆದಾಗ ಗೆದ್ದಿದ್ದು ಮಿತವಾಗಿ ಉಂಡ ಮರಗಳು.

ಮರದ ಲೆಕ್ಕಕ್ಕೆ ಬಾರದ ನಷ್ಟವೂ ಒಂದುಂಟು. ಸಾರಜನಕ ಹೆಚ್ಚಿದರೆ ನೆಲದ ಕಲ್ಲುಹೂವು ಕ್ಷೀಣಿಸುತ್ತದೆ. ಸಾಮಿ ಜನರು ಸಾಕುವ ಹಿಮಸಾರಂಗಗಳಿಗೆ ಚಳಿಗಾಲದಲ್ಲಿ ಅದೇ ಮೇವು. ಮರಕ್ಕೆ ಎಷ್ಟು ಬೇಕೆಂದು ಕೇಳುವಾಗ, ಅದರ ಬುಡದಲ್ಲಿ ಮೇಯುವವರನ್ನೂ ಒಂದು ಮಾತು ಕೇಳಬೇಕಾಗುತ್ತದೆ.