ಬುರಣಾಪುರದಲ್ಲಿ ವಿಮಾನ ಕೆಟ್ಟರೆ ಮಿಸ್ತ್ರಿ ಯಾರು?

ವಿಜಯಪುರಕ್ಕೆ ವಿಮಾನ ಯಾವಾಗ ಬರ್ತದ? ಗಾಂಧಿ ಚೌಕದ ಅಂಗಡಿಕಟ್ಟೆಯಿಂದ ತಿಕೋಟಾ ಬಸ್ಸಿನ ಹಿಂದಿನ ಸೀಟಿನ ತನಕ ಇದೇ ಮಾತು. 2021ರಲ್ಲಿ ಬುರಣಾಪುರದಲ್ಲಿ ಅಡಿಗಲ್ಲು ಬಿತ್ತು. ಮೊದಲು ಸಣ್ಣ ಎಟಿಆರ್ ಇಳಿದರೆ ಸಾಕು ಅಂದರು. ಆಮೇಲೆ ಏರ್‌ಬಸ್ಸೇ ಇಳಿಯಲಿ ಎಂದು ನಕಾಶೆ ತಿದ್ದಿದರು. 727 ಎಕರೆ ನೆಲ, ರನ್‌ವೇ, ಕಟ್ಟಡ ಎಲ್ಲಾ ಆಯಿತು, ಪರಿಸರ ಒಪ್ಪಿಗೆಯ ಕಾಗದ ಮಾತ್ರ ದಿಲ್ಲಿಯಲ್ಲಿ ತೊಡರಿಕೊಂಡಿತು. 2025 ಮುಗಿದರೂ ಪ್ರಯಾಣಿಕರ ವಿಮಾನ ಇಳಿಯಲಿಲ್ಲ.

ಇದು ಎಲ್ಲರಿಗೂ ಗೊತ್ತಿದ್ದ ಬಾತ್ಮಿ. ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ. ಬಂದ ವಿಮಾನ ಕೆಟ್ಟು ನಿಂತರೆ ಅದನ್ನು ಬಿಚ್ಚಿ ಕೂಡಿಸುವವರು ಯಾರು? ಸಾಮಾನು ಎಲ್ಲಿಂದ ಬರಬೇಕು?

ದೊಡ್ಡ ಕಂಪನಿಗಳದು ಹೇಗೋ ನಡೆಯುತ್ತದೆ, ಅವು ತಮ್ಮ ಇಂಜಿನಿಯರನ್ನು ತಾವೇ ಇಡುತ್ತವೆ. ಫಜೀತಿ ಇರುವುದು ಕಾರಖಾನೆ ಮಾಲೀಕರು, ಮಂತ್ರಿಗಳು, ವ್ಯಾಪಾರಸ್ಥರು ಓಡಾಡುವ ಆರೆಂಟು ಸೀಟಿನ ವಿಮಾನಗಳದ್ದು. ನಮ್ಮಂಥ ಜಿಲ್ಲಾ ಊರಿಗೆ ಹೊತ್ತುಗೊತ್ತಿಲ್ಲದೆ ಬರುವವು ಇವೇ. ರೋಗಿಯನ್ನು ಬೆಂಗಳೂರಿಗೋ ಮುಂಬಯಿಗೋ ಅವಸರದಲ್ಲಿ ಒಯ್ಯುವ ವಿಮಾನವೂ ಇದೇ ಜಾತಿಯದು.

ತಿಕೋಟಾ ಕಡೆ ದ್ರಾಕ್ಷಿಗೆ ಔಷಧಿ ಹೊಡೆಯುವ ಬ್ಲೋವರ್ ಮೋಡ ಕವಿದ ದಿನವೇ ಕೈಕೊಟ್ಟಿತು ಅನ್ನಿ. ರೈತ ಪ್ಯಾಟಿಗೆ ಬರುತ್ತಾನೆ, ಕಂಪನಿ ಮಾಲು ಇಲ್ಲದಿದ್ದರೆ ಲೋಕಲ್ ಮಾಲು ಹಾಕುತ್ತಾನೆ, ಅದೂ ಇಲ್ಲದಿದ್ದರೆ ಲೇಥಿನವನು ಸಂಜೆಯೊಳಗೆ ಒಂದು ಮಾಡಿಕೊಡುತ್ತಾನೆ. ವಿಮಾನಕ್ಕೆ ಈ ದಾರಿಯೇ ಇಲ್ಲ. ಕೇಂದ್ರದ ವಿಮಾನಯಾನ ನಿರ್ದೇಶನಾಲಯ, ಅಂದರೆ ಡಿಜಿಸಿಎ, ಲೈಸೆನ್ಸ್ ಕೊಟ್ಟ ಇಂಜಿನಿಯರ್ ಸಹಿ ಹಾಕಬೇಕು. ಹಾಕಿದ ಬಿಡಿಭಾಗಕ್ಕೆ ಹುಟ್ಟಿದೂರಿನ ದಾಖಲೆ ಇರಬೇಕು. ಕೆಟ್ಟ ವಿಮಾನವನ್ನು ಹಾಗೇ ಹಾರಿಸಿಕೊಂಡು ಬೇರೆ ಊರಿನ ಗ್ಯಾರೇಜಿಗೆ ಒಯ್ಯುವುದಕ್ಕೂ ವಿಶೇಷ ಪರವಾನಗಿ ಬೇಕು. ಸಾಮಾನು ಸಿಕ್ಕರೂ ಕಾಗದ ಸಿಗದಿದ್ದರೆ ವಿಮಾನ ನಿಂತಲ್ಲೇ.

ಇಷ್ಟು ಕಟ್ಟುನಿಟ್ಟು ಏಕೆಂದು ಡುಪ್ಲಿಕೇಟ್ ಮಾಲಿನ ಕಾಟ ಕಂಡ ಅಂಗಡಿಕಾರರಿಗೆ ಬಿಡಿಸಿ ಹೇಳಬೇಕಿಲ್ಲ. 2023ರಲ್ಲಿ ಲಂಡನ್ನಿನ ಎಒಜಿ ಟೆಕ್ನಿಕ್ಸ್ ಎಂಬ ಕಂಪನಿಯ ಬಣ್ಣ ಬಯಲಾಯಿತು. ಬೋಲ್ಟು, ವಾಷರ್, ಸೀಲುಗಳಿಗೆ ಸುಳ್ಳು ದಾಖಲೆ ಹಚ್ಚಿ ಜೆಟ್ ಇಂಜಿನ್ನುಗಳಿಗೆ ಮಾರಿತ್ತು. ಅಮೆರಿಕಾ, ಯುರೋಪಿನ ದೊಡ್ಡ ದೊಡ್ಡ ವಿಮಾನ ಕಂಪನಿಗಳೇ ಇಂಜಿನ್ ಇಳಿಸಿ ತಪಾಸಣೆ ಮಾಡಬೇಕಾಯಿತು. ಲಂಡನ್ನಿನಲ್ಲೇ ಹೀಗಾದರೆ!

ಇನ್ನೊಂದು ತಮಾಷೆ ನೋಡಿ. ಇಲ್ಲಿಂದ ಸುಮಾರು 200 ಕಿಲೋಮೀಟರ್ ದೂರದ ಬೆಳಗಾವಿ ಜಿಲ್ಲೆಯ ಹತ್ತರಗಿಯಲ್ಲಿ ಏಕಸ್ ಕಂಪನಿಯ ವಿಶೇಷ ವಲಯದಲ್ಲಿ ಏರ್‌ಬಸ್, ಬೋಯಿಂಗ್ ವಿಮಾನಗಳ ಬಿಡಿಭಾಗ ತಯಾರಾಗುತ್ತವೆ. ನಮ್ಮ ಹುಡುಗರೇ ಯಂತ್ರದ ಮುಂದೆ ನಿಂತು ಕೊರೆಯುತ್ತಾರೆ. ಆದರೆ ಬುರಣಾಪುರದಲ್ಲಿ ನಿಂತ ವಿಮಾನಕ್ಕೆ ಬೇಕೆಂದು ಅಲ್ಲಿಗೆ ಹೋಗಿ ಒಂದು ತುಂಡು ಕೊಂಡು ತರಲು ಬರುವುದಿಲ್ಲ. ಮಾಲು ವಿಮಾನ ಕಟ್ಟುವ ಕಂಪನಿಗೆ ಹೋಗಬೇಕು, ಅದರ ಮುದ್ರೆ ಬೀಳಬೇಕು, ಹಡಗೋ ವಿಮಾನವೋ ಏರಿ ಮತ್ತೆ ಇತ್ತ ಬರಬೇಕು. ಬೆಲ್ಲ ಮಾಡಿದವನ ಮನೆಯಲ್ಲೇ ಚಹಾ ಸಪ್ಪೆ.

ವ್ಯವಹಾರ ಎತ್ತ ಸಾಗಿದೆ? ಮಾಲೀಕನು ಇಂಜಿನ್ ರಿಪೇರಿಗೆ ಒಮ್ಮೆಲೆ ದುಡ್ಡು ಸುರಿಯದೆ ಹಾರಿದ ತಾಸಿಗೆ ಇಷ್ಟೆಂದು ಕಟ್ಟುತ್ತಾನೆ, ರಿಪೇರಿ ಕಂಪನಿಯ ತಲೆನೋವು. ಇದು ಹೊಸದೇನಲ್ಲ, 1962ರಲ್ಲಿ ಬ್ರಿಟನ್ನಿನ ಬ್ರಿಸ್ಟಲ್ ಸಿಡ್ಲಿ ಕಂಪನಿ ಒಂದು ಬಿಸಿನೆಸ್ ಜೆಟ್ಟಿನ ಇಂಜಿನ್ನಿಗಾಗಿಯೇ ಶುರು ಮಾಡಿದ್ದು. ಈಗ ಎಲ್ಲೆಡೆ ಹಬ್ಬಿದೆ. ಇದರಿಂದ ಬಿಡಿಭಾಗದ ಕೀಲಿಕೈ ತಯಾರಕನ ಉಡಿಯಲ್ಲೇ ಉಳಿಯುತ್ತದೆ, ಹೊರಗಿನ ಸಣ್ಣ ಗ್ಯಾರೇಜಿನವನಿಗೆ ಗಿರಾಕಿ ಕಡಿಮೆ. ನಮ್ಮ ದೇಶದಲ್ಲಿ 1951ರಿಂದ ಇದ್ದ ಏರ್ ವರ್ಕ್ಸ್ ಎಂಬ ರಿಪೇರಿ ಕಂಪನಿಯನ್ನು ಕೊಳ್ಳುವುದಾಗಿ 2024ರ ಡಿಸೆಂಬರಿನಲ್ಲಿ ಅದಾನಿ ಬಳಗ ಸಾರಿತು. ಕೈಗಳು ಕಡಿಮೆಯಾದಷ್ಟೂ ದರ ಹೇಳುವವನು ಒಬ್ಬನೇ ಆಗುತ್ತಾನೆ. ಕಿರಾಣಿ ಸಗಟು ವ್ಯಾಪಾರ ಬಲ್ಲವರಿಗೆ ಇದು ಹೊಸ ಪಾಠವಲ್ಲ.

ಸರಕಾರವೂ ಸುಮ್ಮನೆ ಕೂತಿಲ್ಲ. ವಿಮಾನ ರಿಪೇರಿ ಕೆಲಸದ ಜಿಎಸ್‌ಟಿ 2020ರಲ್ಲಿ ಶೇ. 18ರಿಂದ 5ಕ್ಕೆ ಇಳಿಯಿತು. ಅದಕ್ಕೂ ಮೊದಲು ಕೆಲಸ ಕೊಲಂಬೋ, ಸಿಂಗಾಪುರಕ್ಕೆ ಹೋಗುತ್ತಿತ್ತು. ಹೊರದೇಶದಿಂದ ತರುವ ಬಿಡಿಭಾಗಗಳಿಗೆ ಒಂದೊಂದಕ್ಕೆ ಒಂದೊಂದು ದರವಿದ್ದದ್ದು 2024ರ ಜುಲೈಯಿಂದ, ಕೆಲವು ಷರತ್ತುಗಳ ಮೇಲೆ, ಒಂದೇ ಶೇ. 5 ಆಯಿತು. ಸ್ವಂತ ಓಡಾಟಕ್ಕೆ ವಿಮಾನ ಕೊಳ್ಳುವವರ ಮೇಲಿನ ಜಿಎಸ್‌ಟಿ ಮಾತ್ರ 2025ರ ಸೆಪ್ಟೆಂಬರಿನಲ್ಲಿ ಶೇ. 40ಕ್ಕೆ ಏರಿತು. ಅದಕ್ಕೆ ತಿಕೋಟಾದವರು ಮರುಗಬೇಕಿಲ್ಲ.

ಇಷ್ಟೆಲ್ಲ ಸವಲತ್ತು ಬಂದರೂ ಕೆಲಸ ಕೂಡುವುದು ದಿಲ್ಲಿ, ಮುಂಬಯಿ, ಹೈದರಾಬಾದ್, ಬೆಂಗಳೂರಿನಲ್ಲಿ. 2022ರಲ್ಲಿ ರಷ್ಯಾ ಯುದ್ಧ ಶುರುವಾದ ಮೇಲೆ ಟೈಟಾನಿಯಂ ಲೋಹಕ್ಕೂ ತತ್ವಾರ. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಕಂಪನಿ, ಇಂಜಿನ್ ಸಿಗದೆ ಅರ್ಧದಷ್ಟು ವಿಮಾನ ನಿಂತವು ಎಂದು ಹೇಳಿ ದಿವಾಳಿ ಅರ್ಜಿ ಹಾಕಿತು. ವಿಮಾನಗಳಿದ್ದವು, ನಿಲ್ದಾಣಗಳಿದ್ದವು, ಬಿಡಿ ಇಂಜಿನ್ ಇರಲಿಲ್ಲ.

ಆದ್ದರಿಂದ ಬುರಣಾಪುರದ 727 ಎಕರೆಯಲ್ಲಿ ರಿಪೇರಿ ಶೆಡ್ಡಿಗೆ ಎಷ್ಟು ಜಾಗ ಎಂದು ಕೇಳುವುದು ಹಗಲುಗನಸಲ್ಲ. ದೊಡ್ಡ ಇಂಜಿನ್ ಬಿಚ್ಚುವ ಕಾರಖಾನೆ ಇಲ್ಲಿಗೆ ಬರುವುದಿಲ್ಲ, ಬರುತ್ತದೆಂದು ಹೇಳುವವರ ಮಾತಿಗೆ ಜನ ಮರುಳಾಗಬಾರದು. ಚಕ್ರ, ಬ್ರೇಕು, ಬ್ಯಾಟರಿ ಬದಲಿಸಿ ಸಹಿ ಹಾಕುವ ಒಂದು ಚಿಕ್ಕ ಕೇಂದ್ರ, ಇಬ್ಬರು ಮೂವರು ಲೈಸೆನ್ಸ್ ಇಂಜಿನಿಯರು, ಅವರ ಕೈಕೆಳಗೆ ಕಲಿಯುವ ಹುಡುಗರು, ಇಷ್ಟು ಕೇಳಬಹುದು. ಪಿಯುಸಿ ವಿಜ್ಞಾನ ಪಾಸಾದವರಿಗೆ ಈ ಓದಿನ ಬಾಗಿಲು ತೆರೆದಿದೆ. ಆದರೆ ಪರೀಕ್ಷೆಯ ಜೊತೆಗೆ ವರ್ಷಗಟ್ಟಲೆ ಕೈಕೆಲಸದ ಅನುಭವ ತೋರಿಸಬೇಕು, ಅದು ವಿಮಾನದ ಮಗ್ಗುಲಲ್ಲಿ ನಿಂತೇ ಆಗಬೇಕು. ಐಟಿಐ ವರ್ಕ್‌ಶಾಪಿನಲ್ಲಿ ಆಗುವುದಿಲ್ಲ.

2023ರಲ್ಲಿ ಬಬಲೇಶ್ವರದ ಶಾಸಕ ಎಂ.ಬಿ. ಪಾಟೀಲರಿಗೆ ಬೃಹತ್ ಕೈಗಾರಿಕೆ ಮತ್ತು ಮೂಲಸೌಕರ್ಯ ಖಾತೆ ಎರಡೂ ಬಂದವು. ಕಾರಖಾನೆಯ ಫೈಲೂ ವಿಮಾನ ನಿಲ್ದಾಣದ ಫೈಲೂ ಒಂದೇ ಮೇಜಿನ ಮೇಲೆ ಬಿದ್ದ ಇಂಥ ಯೋಗ ಈ ಜಿಲ್ಲೆಗೆ ಪದೇ ಪದೇ ಬರುವುದಿಲ್ಲ. ರನ್‌ವೇ ಉದ್ದ ಎಷ್ಟೆಂದು ಎಲ್ಲರೂ ಕೇಳಿದರು, ಶೆಡ್ಡಿನ ಮಾತು ಚೇಂಬರಿನ ವರ್ತಕರಾಗಲಿ ಊರಿನ ಮುಖಂಡರಾಗಲಿ ಗಟ್ಟಿಯಾಗಿ ಎತ್ತಿದ್ದು ಕೇಳಿಬಂದಿಲ್ಲ. ಅದು ಆಗುವ ತನಕ ಬುರಣಾಪುರದಲ್ಲಿ ನಿಂತ ಜೆಟ್ಟಿನ ಮಿಸ್ತ್ರಿ, ಹೆಗಲಿಗೆ ಸಾಮಾನಿನ ಚೀಲ ಹಾಕಿಕೊಂಡು, ಬೆಂಗಳೂರಿನ ರಾತ್ರಿ ಬಸ್ಸಿಗೇ ಬರಬೇಕು.